ಹಳೆ ಗ್ಯಾಸ್ ಒಲೆಗೆ ಹೊಸ ಬರ್ನರ್, ನಾಬ್, ಪೈಪ್: ಬೆಳಗಾವಿ ಪೇಟೆಯಲ್ಲಿ ಯಾವುದು ತಗೋಬೇಕು, ಯಾವುದಕ್ಕೆ ಕೈ ಹಾಕಬಾರದು

ಮೊದಲು ಮಾರ್ಕು ಕೊಟ್ಟುಬಿಡುತ್ತೇನೆ, ಅವಸರ ಇದ್ದವರು ಇಷ್ಟೇ ಓದಿ ಹೋಗಬಹುದು. ಗಣಪತಿ ಗಲ್ಲಿ ಹತ್ತಿರ ಒಳಗೆ ಒಂದು ಸಣ್ಣ ಒಲೆ ರಿಪೇರಿ ಅಂಗಡಿ ಇದೆ, ಅಲ್ಲಿ ತಗೊಂಡ ಹಿತ್ತಾಳೆ ಬರ್ನರ್‌ಗೆ 5ಕ್ಕೆ 5. ಪಾತ್ರೆ ಇಡುವ ಸ್ಟ್ಯಾಂಡಿಗೆ 4. ನಾಬ್‌ಗೆ 3. ಆನ್‌ಲೈನಿನಲ್ಲಿ ತರಿಸಿದ, ‘ಎಲ್ಲ ಕಂಪನಿ ಒಲೆಗೂ ಕೂರುತ್ತದೆ’ ಅಂತ ಬರೆದಿದ್ದ ಬರ್ನರ್ ಸೆಟ್‌ಗೆ 1. ಅದೂ ಡಬ್ಬಿ ಚೆನ್ನಾಗಿತ್ತು ಅಂತ.

ನಮ್ಮದು ಮೂರು ಬರ್ನರ್‌ನ ಸ್ಟೀಲ್ ಒಲೆ. ಹಳೆಯದು, ಆದರೆ ತಗಡು ಗಟ್ಟಿ. ಈಗ ಬರುವ ಎಷ್ಟೋ ಒಲೆಗಳ ತಗಡನ್ನು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತದೆ, ಇದು ಹಾಗಲ್ಲ. ಕಂಪನಿ ಸರ್ವಿಸ್‌ಗೆ ಫೋನ್ ಮಾಡಿದರೆ ಆ ಮಾಡೆಲ್ ನಿಂತುಹೋಗಿದೆ, ಪಾರ್ಟ್ಸ್ ಸಿಗಲ್ಲ, ಎಕ್ಸ್‌ಚೇಂಜ್‌ನಲ್ಲಿ ಗ್ಲಾಸ್ ಟಾಪ್ ತಗೊಳ್ಳಿ ಮೇಡಂ ಅಂದರು. ಒಲೆ ನೋಡಲೂ ಬರಲಿಲ್ಲ. ಯೋಚನೆ ಮಾಡಿ ನೋಡಿ, ಗ್ಯಾಸ್ ಒಲೆಯಲ್ಲಿ ಸವೆಯುವುದು ಏನಿದೆ? ಬರ್ನರ್, ನಾಬ್, ಸ್ಟ್ಯಾಂಡು, ಕಾಕಿನೊಳಗಿನ (ನಾಬ್ ಹಿಂದೆ ಗ್ಯಾಸ್ ಬಿಡುವ, ನಿಲ್ಲಿಸುವ ವಾಲ್ವ್) ಗ್ರೀಸು, ರಬ್ಬರ್ ಪೈಪು, ಕೆಳಗಿನ ರಬ್ಬರ್ ಬುಷ್. ಉಳಿದದ್ದು ಬರೀ ತಗಡು, ಒಂದು ಪೈಪು, ನಾಲ್ಕು ಸ್ಕ್ರೂ. ಇಷ್ಟಕ್ಕೆ ಇಡೀ ಒಲೆಯನ್ನೇ ಗುಜರಿಗೆ ಹಾಕು ಅಂದರೆ ಯಾರು ಹಾಕುತ್ತಾರೆ?

ತೊಂದರೆ ಏನಾಗಿತ್ತು ಅಂದರೆ ದೊಡ್ಡ ಬರ್ನರ್‌ನ ಉರಿ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಪಾತ್ರೆಯ ತಳಕ್ಕೆಲ್ಲ ಮಸಿ. ಸಿಮ್‌ಗೆ ತಿರುಗಿಸಿದರೆ ‘ಟಪ್’ ಅಂತ ಸದ್ದಾಗಿ ಉರಿ ಒಳಗೇ ಹೋಗಿ ಬುಸುಗುಡುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುತ್ತಿದ್ದದ್ದು ರೊಟ್ಟಿ ಮಾಡುವಾಗ. ಹಂಚಿನ ಮೇಲೆ ಬೇಯಿಸಿ ಉರಿಗೆ ಹಿಡಿದರೆ ಉಬ್ಬಬೇಕಲ್ಲ, ಒಂದು ಬದಿ ಸೀಯುತ್ತಿತ್ತು, ಇನ್ನೊಂದು ಬದಿ ಬೆಳ್ಳಗೇ ಇರುತ್ತಿತ್ತು. ನಮ್ಮ ಅತ್ತೆ ದಿನಾ ಹಿಟ್ಟಿಗೇ ಬೈಯುತ್ತಿದ್ದರು, ಜೋಳ ಹಳೇದು, ಜಿಗಿ ಇಲ್ಲ ಅಂತ. ಪಾಪ, ಜೋಳದ್ದೇನೂ ತಪ್ಪಿರಲಿಲ್ಲ.

ಇದು ಯಾಕಾಗುತ್ತದೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಾಕಿನ ತುದಿಯಲ್ಲಿ ಜೆಟ್ ಅಂತ ಒಂದು ಸಣ್ಣ ಹಿತ್ತಾಳೆ ಸ್ಕ್ರೂ ಇರುತ್ತದೆ, ಅದರ ನಡುವೆ ಕೂದಲೆಳೆಯಷ್ಟು ತೂತು. ಅಲ್ಲಿಂದ ಗ್ಯಾಸ್ ಜೋರಾಗಿ ನುಗ್ಗುವಾಗ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಮಿಕ್ಸಿಂಗ್ ಟ್ಯೂಬಿಗೆ ಹೋಗುತ್ತದೆ. ಎರಡೂ ಬೆರೆತು ಬರ್ನರ್‌ನ ತೂತುಗಳಿಂದ ಹೊರಗೆ ಬಂದು ಉರಿಯುತ್ತದೆ. ಬರ್ನರ್‌ನ ತೂತು ಕಟ್ಟಿಕೊಂಡರೆ ಗಾಳಿ ಎಳೆಯುವುದು ಕಡಿಮೆಯಾಗುತ್ತದೆ, ಉರಿ ಹಳದಿಯಾಗುತ್ತದೆ, ಮಸಿ ಹಿಡಿಯುತ್ತದೆ. ಅದೇ ತೂತು ಸವೆದು ಅಗಲವಾದರೆ ಗ್ಯಾಸ್ ಹೊರಗೆ ಬರುವ ವೇಗ ತಗ್ಗುತ್ತದೆ, ಆಗ ಸಿಮ್‌ನಲ್ಲಿಟ್ಟಾಗ ಉರಿ ಹಿಂದಕ್ಕೆ ಹೋಗಿ ಟ್ಯೂಬಿನೊಳಗೇ ಉರಿಯುತ್ತದೆ. ನಮ್ಮ ಬರ್ನರ್‌ಗೆ ಎರಡೂ ರೋಗ ಇತ್ತು. ಅರ್ಧ ತೂತು ಕಟ್ಟಿತ್ತು, ಅರ್ಧ ಅಗಲವಾಗಿತ್ತು.

ನಮ್ಮ ಕಡೆ ಬರ್ನರ್ ಬೇಗ ಕಟ್ಟುವುದಕ್ಕೆ ಹಾಲು ಉಕ್ಕುವುದಕ್ಕಿಂತ ದೊಡ್ಡ ಕಾರಣ ರೊಟ್ಟಿ ಹಿಟ್ಟು. ರೊಟ್ಟಿಗೆ ಹತ್ತಿದ ಒಣಹಿಟ್ಟು ಉರಿಗೆ ಹಿಡಿದಾಗ ಉದುರುತ್ತದೆ, ತೂತಿನೊಳಗೆ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿದ ಮೇಲಂತೂ ಕೇಳಲೇಬೇಡಿ, ಎಳ್ಳೂ ಅದರೊಳಗೇ. ಅದನ್ನು ತೆಗೆಯಲು ಎಲ್ಲರೂ ದಬ್ಬಣವೋ ಸೇಫ್ಟಿ ಪಿನ್ನೋ ಹಾಕಿ ಕೆರೆಯುತ್ತಾರೆ. ವರ್ಷಗಟ್ಟಲೆ ಹಾಗೆ ಕೆರೆದರೆ ತೂತು ಅಗಲವಾಗದೆ ಇನ್ನೇನಾಗುತ್ತದೆ? ಹುಣಸೆಹಣ್ಣಿನ ಬಿಸಿನೀರಲ್ಲಿ ನೆನೆಹಾಕಿ ಹಳೇ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಪೂರ್ತಿ ಒಣಗಿಸಿಯೇ ವಾಪಸ್ ಇಡಬೇಕು, ಹಸಿ ಇದ್ದರೆ ಉರಿ ಕುಣಿಯುತ್ತದೆ.

ಇನ್ನು ಆನ್‌ಲೈನ್ ಸೆಟ್ ಕಥೆ. ಫೋಟೋದಲ್ಲಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮೇಲಿನ ಅಗಲ ಸರಿಯಾಗಿಯೇ ಇತ್ತು. ಆದರೆ ಬರ್ನರ್ ಒಲೆಯ ಮೇಲೆ ನಿಲ್ಲುವುದು ಮೇಲಿನ ಅಗಲದಿಂದಲ್ಲ, ಕೆಳಗಿನ ಕುತ್ತಿಗೆಯಿಂದ. ಆ ಕುತ್ತಿಗೆ ಮಿಕ್ಸಿಂಗ್ ಟ್ಯೂಬಿನ ಬಟ್ಟಲೊಳಗೆ ಸರಿಯಾಗಿ ಇಳಿದು ಕೂರಬೇಕು, ಅಲುಗಾಡಬಾರದು. ಇದು ಒಳಗೆ ಇಳಿಯಿತು, ಆದರೆ ಸುತ್ತ ಸಂದಿ ಉಳಿಯಿತು, ಬೆರಳು ತಾಗಿದರೆ ಟಕಟಕ ಅನ್ನುತ್ತಿತ್ತು. ಹಚ್ಚಿದರೆ ಆ ಸಂದಿಯಿಂದಲೂ ಉರಿ, ಅಂದರೆ ಬರ್ನರ್‌ನ ಕೆಳಗೆ, ನಾಬ್ ಕಡೆಗೆ. ವೆಬ್‌ಸೈಟಿನ ವಿವರದಲ್ಲಿ ಕುತ್ತಿಗೆಯ ಅಳತೆಯನ್ನೇ ಬರೆದಿಲ್ಲ, ಬರೀ ‘ಮೀಡಿಯಂ, ದೊಡ್ಡದು’ ಅಷ್ಟೇ. ಒಲೆ ಮಾಡುವ ಒಬ್ಬೊಬ್ಬರು ಒಂದೊಂದು ಅಳತೆ ಇಟ್ಟುಕೊಂಡಿರುವಾಗ ಎಲ್ಲಕ್ಕೂ ಕೂರುವ ಬರ್ನರ್ ಅನ್ನುವುದೇ ಸುಳ್ಳು. ಮೇಲಾಗಿ ಅದು ಹಿತ್ತಾಳೆಯೂ ಅಲ್ಲ, ಅಲ್ಯೂಮಿನಿಯಂಗೆ ಹಳದಿ ಬಣ್ಣ. ವಾಪಸ್ ತಗೊಂಡರು, ಅದೊಂದು ಪುಣ್ಯ.

ಆಮೇಲೆ ಹಳೇ ಬರ್ನರನ್ನೇ ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೋದೆ. ಈ ಅಂಗಡಿಗೆ ದೊಡ್ಡ ಬೋರ್ಡು ಗೀರ್ಡು ಇಲ್ಲ. ಬಾಗಿಲಿಗೆ ಕುಕ್ಕರ್ ಗ್ಯಾಸ್ಕೆಟ್ಟುಗಳ ಸರ, ಮಿಕ್ಸರ್ ಜಾರಿನ ಬ್ಲೇಡುಗಳು, ಒಳಗೆ ಮೊಳೆ ಹೊಡೆದು ನೇತುಹಾಕಿದ ಬರ್ನರ್‌ಗಳು. ಇಬ್ಬರು ನಿಂತರೆ ಮೂರನೆಯವರು ಹೊರಗೆ. ಕೂತಿರುವ ಕಾಕಾ ಮೊದಲು ಉದ್ಯಮಬಾಗದ ಫೌಂಡ್ರಿಯಲ್ಲಿ ಇದ್ದವರಂತೆ. ಎರಕದ ಕೆಲಸಕ್ಕೆ ಹೆಸರಾದ ಊರು ನಮ್ಮದು, ಹಾಗಾಗಿ ಲೋಹ ಕೈಯಲ್ಲಿ ಹಿಡಿದು ಹೇಳುವವರು ಇಲ್ಲಿ ಗಲ್ಲಿಗೆ ಒಬ್ಬರು ಸಿಗುತ್ತಾರೆ.

ಅವರು ನನ್ನ ಬರ್ನರನ್ನು ಮೇಲಿನಿಂದ ನೋಡಲೇ ಇಲ್ಲ. ತಿರುಗಿಸಿ ಕುತ್ತಿಗೆ ನೋಡಿದರು, ಬೆರಳು ಸುತ್ತಿ ಸವರಿದರು, ಆಮೇಲೆ ಕೌಂಟರಿನ ಗಾಜಿನ ಮೇಲೆ ಬೋರಲು ಹಾಕಿ ಒಂದು ಅಂಚನ್ನು ಒತ್ತಿದರು. ಇನ್ನೊಂದು ಅಂಚು ಎದ್ದಿತು.

‘ಸೊಟ್ಟ ಆಗೇತ್ರಿ ಅಕ್ಕಾರ. ತೊಳದ್ರ ಏನ ಬರೂದಿಲ್ಲ.’

‘ಕಾಯಿಸಿ ಬಡಿದರ ನೇರ ಆಗೂದಿಲ್ಲೇನ್ರಿ ಕಾಕಾ?’

‘ಬಡಿರಿ, ಎರಡ ತುಂಡ ಆಗ್ತೇತಿ. ಎರಕದ್ದೈತಿ ಅದು.’

ಆಮೇಲೆ ಮೊಳೆಯಿಂದ ಎರಡು ಬರ್ನರ್ ತೆಗೆದು ನನ್ನ ಎರಡು ಅಂಗೈಯಲ್ಲಿ ಇಟ್ಟರು. ನೋಡಲು ಎರಡೂ ಒಂದೇ. ಒಂದು ಭಾರ, ಒಂದು ಹಗುರ. ಹಗುರ ಇದ್ದದ್ದನ್ನು ತಿರುಗಿಸಿ ಕೀಲಿಕೈಯಿಂದ ತಳಕ್ಕೆ ಗೀರಿದರು, ಹಳದಿ ಎದ್ದು ಬೆಳ್ಳಗೆ ಗೆರೆ ಬಿತ್ತು. ಭಾರ ಇದ್ದದ್ದಕ್ಕೆ ಗೀರಿದರೆ ಒಳಗೂ ಹಳದಿಯೇ. ಇದನ್ನು ಯಾವ ವೆಬ್‌ಸೈಟಿನಲ್ಲಿ ಮಾಡಿ ನೋಡುತ್ತೀರಿ? ನೀವು ಎಲ್ಲೇ ತಗೊಂಡರೂ ಈ ಎರಡು ಪರೀಕ್ಷೆ ಮಾಡಿ, ತೂಕ ಮತ್ತು ತಳದ ಗೀರು. ಗೀರಲು ಬಿಡದ ಅಂಗಡಿಯಲ್ಲಿ ತಗೋಬೇಡಿ. ಇನ್ನೊಂದು, ಬರ್ನರನ್ನು ಬೆಳಕಿಗೆ ಹಿಡಿದು ತೂತುಗಳೆಲ್ಲ ಒಂದೇ ಸಮ ಕೊರೆದಿದ್ದಾರಾ ನೋಡಿ. ನಾನು ನೋಡಿದ ಮೊದಲನೆಯದರಲ್ಲಿ ಒಂದು ತೂತು ಅರ್ಧಕ್ಕೇ ನಿಂತಿತ್ತು. ಕಾಕಾ ಏನೂ ಅನ್ನದೆ ಬೇರೆ ಕೊಟ್ಟರು.

ರೇಟು ಆನ್‌ಲೈನ್ ಸೆಟ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಹಿತ್ತಾಳೆ ರೇಟು ಏರಿಳಿಯುತ್ತಿರುತ್ತದೆ, ನಾನು ಕೊಟ್ಟದ್ದನ್ನು ಹೇಳಿದರೆ ನೀವು ಹೋದಾಗ ಜಗಳ ಆದೀತು. ಚೌಕಾಶಿಗೆ ಬಗ್ಗುವ ಮನುಷ್ಯ ಅಲ್ಲ. ಆದರೆ ಹಳೇ ಹಿತ್ತಾಳೆಯನ್ನು ತೂಕಕ್ಕೆ ತಗೊಂಡು ಬಿಲ್ಲಿನಲ್ಲಿ ಕಳೆಯುತ್ತಾರೆ, ಕೇಳಲು ಮರೆಯಬೇಡಿ. ಕೇಳದಿದ್ದರೆ ಅವರಾಗಿಯೇ ಹೇಳುವುದಿಲ್ಲ, ಅದೊಂದು ಬೇಜಾರು.

ಮನೆಯಲ್ಲಿ ಬರ್ನರ್ ಬದಲಿಸಲು ಪಾನಾ, ಇಕ್ಕಳ ಏನೂ ಬೇಡ. ರೆಗ್ಯುಲೇಟರ್ ಆಫ್ ಮಾಡಿ, ಒಲೆ ತಣ್ಣಗಾಗಲಿ, ಹಳೆಯದನ್ನು ಎತ್ತಿ. ಹೊಸದನ್ನು ಇಡುವ ಮುಂಚೆ ಟ್ಯೂಬಿನ ಬಟ್ಟಲೊಳಗೆ ಟಾರ್ಚ್ ಹಾಕಿ ನೋಡಿ. ನಮ್ಮದರಲ್ಲಿ ಸುಟ್ಟ ಹಿಟ್ಟಿನ ಪುಡಿ, ಸತ್ತ ಜಿರಲೆ, ಒಂದು ಕಡೆ ಜೇಡರ ಬಲೆ ಕೂಡ ಇತ್ತು. ಆ ಬಲೆಯೊಂದೇ ಸಾಕು ಗಾಳಿಗೆ ಅಡ್ಡವಾಗಿ ಉರಿ ಕೆಡಿಸಲು. ಕಡಿಮೆ ಹಚ್ಚುವ ಮೂರನೆಯ ಬರ್ನರ್‌ನಲ್ಲೇ ಇದು ಜಾಸ್ತಿ. ಒಣಬಟ್ಟೆ, ಬಾಟಲಿ ತೊಳೆಯುವ ಬ್ರಷ್ಷು ಹಾಕಿ ತೆಗೆದು, ಬರ್ನರ್ ಇಟ್ಟು ಅಲ್ಲೇ ಸ್ವಲ್ಪ ತಿರುಗಿಸಿ, ಅದಾಗಿಯೇ ಕೂರುತ್ತದೆ. ಹಚ್ಚಿದಾಗ ಸುತ್ತಲೂ ನೀಲಿ ಉರಿ, ಒಳಗೆ ಚೂಪಾದ ಇನ್ನೂ ಗಾಢ ನೀಲಿ ತುದಿಗಳು ಕಂಡರೆ ಸರಿಯಾಗಿದೆ ಅಂತ. ಉರಿ ಬರ್ನರ್ ಬಿಟ್ಟು ಮೇಲಕ್ಕೆ ಹಾರುತ್ತಿದ್ದರೆ ಗಾಳಿ ಜಾಸ್ತಿಯಾಗಿದೆ. ನಮ್ಮದು ಮೊದಲ ಸಲಕ್ಕೇ ಸರಿ ಬಂತು. ಆವತ್ತಿನ ರೊಟ್ಟಿ ಪುರಿಯ ಹಾಗೆ ಉಬ್ಬಿತು, ಅತ್ತೆ ಹಿಟ್ಟಿನ ಮಾತೇ ಎತ್ತಲಿಲ್ಲ.

ಸ್ಟ್ಯಾಂಡಿಗೆ 4 ಯಾಕೆ ಅಂದರೆ ಗಟ್ಟಿಯಾಗಿದೆ, ಕಲ್ಲಿನ ಹಂಚು ಇಟ್ಟರೂ ಬಾಗುವುದಿಲ್ಲ. ಆದರೆ ಎನಾಮೆಲ್ ಬಣ್ಣ ಒಂದು ಮೂಲೆಯಲ್ಲಿ ಈಗಲೇ ಎದ್ದಿದೆ. ಬೆಳಗಾವಿ ಮಳೆಗಾಲ ಗೊತ್ತಲ್ವಾ, ಬಣ್ಣ ಎದ್ದ ಜಾಗಕ್ಕೆ ತುಕ್ಕು ಗ್ಯಾರಂಟಿ. ಸ್ಟ್ಯಾಂಡ್ ತಗೊಳ್ಳುವಾಗ ಎತ್ತರ ನೋಡಿ, ಚಂದ ಅಲ್ಲ. ತಗ್ಗಾಗಿದ್ದರೆ ಉರಿಯ ಒಳಗಿನ ತುದಿ ಪಾತ್ರೆಗೆ ತಾಗಿ, ಗ್ಯಾಸ್ ಪೂರ್ತಿ ಉರಿಯದೆ ಮತ್ತೆ ಮಸಿ ಶುರು. ಎತ್ತರ ಜಾಸ್ತಿಯಾದರೆ ಬಿಸಿ ಪಕ್ಕಕ್ಕೆ ಹೋಗುತ್ತದೆ. ಹಳೆಯದನ್ನೇ ಒಯ್ದು ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು.

ನಾಬ್‌ಗೆ ಮೂರೇ ಮಾರ್ಕು. ಕಾಕಿನ ಕಡ್ಡಿ ಪೂರ್ತಿ ದುಂಡಗಿರುವುದಿಲ್ಲ, ಒಂದು ಬದಿ ಚಪ್ಪಟೆ. ನಾಬ್‌ನ ತೂತೂ ಹಾಗೇ ಇರಬೇಕು, ಅದರೊಳಗೆ ಒಂದು ಸಣ್ಣ ಸ್ಟೀಲ್ ಪಟ್ಟಿ ಇದ್ದರೆ ಹಿಡಿತ ಬಿಗಿ. ನನಗೆ ಮೊದಲು ತೋರಿಸಿದ್ದು ಸ್ಟೀಲಿನ ಹಾಗೆ ಹೊಳೆಯುವ ಪ್ಲಾಸ್ಟಿಕ್. ಅದು ದೊಡ್ಡ ಬರ್ನರ್ ಮುಂದೆ ಬಾಳುವುದಿಲ್ಲ, ಬಿಸಿಗೆ ಒಳಗಿನ ತೂತು ಸಡಿಲವಾಗಿ ನಾಬ್ ಸುಮ್ನೆ ತಿರುಗುತ್ತದೆ, ಒಳಗಿನ ಕಾಕ್ ತಿರುಗಿರುವುದೇ ಇಲ್ಲ. ಆಫ್ ಆಯಿತು ಅಂದುಕೊಂಡು ಹೋಗುತ್ತೀರಿ, ಆಗಿರುವುದಿಲ್ಲ. ಬಿಸಿ ತಡೆಯುವ ಕರಿ ಬೇಕಲೈಟ್ ನಾಬೇ ಬೇಕು ಅಂತ ಕೇಳಿ ತಗೊಂಡೆ. ಅದರ ಮೇಲೆ ಸಿಮ್, ಹೈ ಗುರುತು ಇಲ್ಲ, ಮನೆಗೆ ಬಂದವರು ಯಾವ ಕಡೆ ತಿರುಗಿಸಬೇಕು ಅಂತ ಕೇಳುತ್ತಾರೆ. ಅದಕ್ಕೇ ಎರಡು ಮಾರ್ಕು ಕಟ್.

ಈಗ ಕೈ ಹಾಕಬಾರದ ಜಾಗ, ಕಾಕ್. ನಾಬ್ ತಿರುಗಿಸಲು ಬಿಗಿಯಾದರೆ ಎಲ್ಲರೂ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಬಿಡಬೇಡಿ. ಕಾಕಿನೊಳಗೆ ಮೇಲೆ ದಪ್ಪ ಕೆಳಗೆ ಸಣ್ಣ ಇರುವ ಒಂದು ಹಿತ್ತಾಳೆ ಗೂಟ ಇರುತ್ತದೆ, ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ, ನಡುವೆ ಬಿಸಿ ತಡೆಯುವ ಗ್ರೀಸ್. ಗ್ಯಾಸ್ ನಿಲ್ಲಿಸುವುದು ಆ ಗೂಟ ಮತ್ತು ಗ್ರೀಸ್ ಎರಡೂ ಸೇರಿ. ಅಡುಗೆ ಎಣ್ಣೆ, ವ್ಯಾಸಲೀನು, ಸೈಕಲ್ ಗ್ರೀಸು ಹಾಕಿದರೆ ಬಿಸಿಗೆ ಕರಗಿ ಹರಿದುಹೋಗುತ್ತದೆ, ಇಲ್ಲ ಸುಟ್ಟು ಅಂಟಾಗುತ್ತದೆ. ಇನ್ನೊಂದು ವಿಷಯ ವಿಡಿಯೋ ನೋಡಿ ಬಿಚ್ಚುವವರು ತಿಳಿದಿರಬೇಕು. ಒಂದು ಕಾಕಿನ ಗೂಟವನ್ನು ಅದೇ ಕಾಕಿಗೆ ತಿಕ್ಕಿ ಕೂರಿಸಿರುತ್ತಾರೆ. ಮೂರನ್ನೂ ಒಟ್ಟಿಗೆ ಬಿಚ್ಚಿ ತಟ್ಟೆಯಲ್ಲಿ ಹಾಕಿ ಅದಲುಬದಲು ಮಾಡಿದರೆ ಆಫ್ ಮಾಡಿದಾಗಲೂ ಸೋರಬಹುದು. ನಮ್ಮ ಮನೆಯವರು ಸ್ಕ್ರೂಡ್ರೈವರ್ ಹಿಡಿದು ತಯಾರಾಗಿದ್ದರು, ನಾನು ಒಲೆಯನ್ನು ಎತ್ತಿ ಅಂಗಡಿಗೇ ಒಯ್ಯಲು ಹೇಳಿದೆ. ಕಾಕಾ ಒಂದೊಂದಾಗಿಯೇ ಬಿಚ್ಚಿ, ಹಳೇ ಗ್ರೀಸ್ ಬಟ್ಟೆಯಿಂದ ಒರೆಸಿ, ಗೂಟದ ತೂತಿಗೆ ಬೀಳದ ಹಾಗೆ ಬೆರಳ ತುದಿಯಿಂದ ತೆಳ್ಳಗೆ ಹೊಸ ಗ್ರೀಸ್ ಸವರಿದರು. ಜಾಸ್ತಿ ಹಚ್ಚಿದರೆ ಅದೇ ಗ್ಯಾಸಿಗೆ ಅಡ್ಡ ಅಂತೆ. ಈಗ ನಾಬ್ ಎರಡು ಬೆರಳಿಗೆ ತಿರುಗುತ್ತದೆ. ಈ ಕೆಲಸಕ್ಕೂ 5. ಇದರಲ್ಲಿ ದುಡ್ಡು ಉಳಿಸುವುದು ಬೇಡ.

ಜೆಟ್ ಬಗ್ಗೆಯೂ ಹಾಗೇ. ಪಂಪ್ ಸ್ಟೋ ಕಾಲದವರಿಗೆ ಪಿನ್ ಹಾಕುವ ಅಭ್ಯಾಸ ಇದೆ, ಗ್ಯಾಸ್ ಜೆಟ್‌ಗೆ ಅದನ್ನು ಬಲವಂತವಾಗಿ ಚುಚ್ಚಿದರೆ ತೂತು ದೊಡ್ಡದಾಗಿ ಉರಿ ಶಾಶ್ವತವಾಗಿ ಹಳದಿ. ಸಣ್ಣ ಬರ್ನರ್ ಜೆಟ್ ಬೇರೆ, ದೊಡ್ಡದರ ಜೆಟ್ ಬೇರೆ, ಅದಲುಬದಲು ಆಗಬಾರದು. ಬೆಳಗಾವಿಯ ಕೆಲವು ಬಡಾವಣೆಗಳಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಅದು ಬೇರೆ ಗ್ಯಾಸು, ಪ್ರೆಷರ್ ಕಡಿಮೆ, ಅಷ್ಟೇ ಬಿಸಿಗೆ ಗ್ಯಾಸ್ ಜಾಸ್ತಿ ಬೇಕು, ಹಾಗಾಗಿ ಜೆಟ್‌ನ ತೂತು ದೊಡ್ಡದು. ಪೈಪ್ ಗ್ಯಾಸಿನವರು ಮಾರಿದ ಹಳೇ ಒಲೆಯನ್ನು ಸಿಲಿಂಡರಿಗೆ ಹಚ್ಚಿದರೆ ಉರಿ ಎರಡರಷ್ಟು ಏಳುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಜೆಟ್ ಯಾವುದಕ್ಕೆ ಅಂತ ಮೊದಲು ಕೇಳಿ.

ಪೈಪನ್ನು ಮಾತ್ರ ನಾನು ಈ ಅಂಗಡಿಯಲ್ಲಿ ತಗೊಳ್ಳಲಿಲ್ಲ. ಇಟ್ಟಿದ್ದಾರೆ, ಆದರೆ ಬಿಸಿಲಿಗೆ ನೇತುಹಾಕಿದ್ದಾರೆ. ರಬ್ಬರ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಗ್ಯಾಸ್ ಏಜೆನ್ಸಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ತಗೊಳ್ಳಿ, ಒಳಗೆ ಸ್ಟೀಲ್ ತಂತಿ ಇರುತ್ತದೆ, ಮೇಲೆ ಐಎಸ್ 9573 ಅಂತ ಗುಣಮಟ್ಟದ ನಂಬರ್ ಅಚ್ಚಾಗಿರುತ್ತದೆ. 5 ವರ್ಷಕ್ಕೆ ಬದಲಿಸಬೇಕು, ಪೈಪಿನ ಮೇಲೇ ಇಸವಿ ಇರುತ್ತದೆ. ಇಲಿ ಕಚ್ಚುತ್ತದೆ ಅಂತ ಅದಕ್ಕೆ ಬಟ್ಟೆ ಸುತ್ತುವವರಿದ್ದಾರೆ. ಸುತ್ತಿದರೆ ಬಿರುಕು ಕಾಣುವುದು ಹೇಗೆ?

ಯಾವುದೇ ಪಾರ್ಟ್ ಬದಲಿಸಿದ ಮೇಲೂ ಸೋಪಿನ ನೀರು ಹಚ್ಚಿ ನೋಡುವುದನ್ನು ಬಿಡಬೇಡಿ. ಎಲ್ಲ ನಾಬ್ ಆಫ್ ಇಟ್ಟು, ರೆಗ್ಯುಲೇಟರ್ ಆನ್ ಮಾಡಿ, ಪೈಪಿನ ಎರಡೂ ತುದಿಗೆ, ಕಾಕಿನ ಬುಡಕ್ಕೆ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವ ಶೂರರು ಇನ್ನೂ ಇದ್ದಾರೆ, ಅವರಿಗೆ ಏನು ಹೇಳುವುದು! ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿಕೊಂಡಿರುತ್ತದೆ. ವಾಸನೆ ಬಂದರೆ ಲೈಟು, ಫ್ಯಾನಿನ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಗ್ಲಾಸ್ ಟಾಪ್ ಇರುವವರಿಗೆ ಒಂದು ಮಾತು. ಬರ್ನರ್, ಸ್ಟ್ಯಾಂಡ್ ನೀವೇ ಬದಲಿಸಬಹುದು, ಆದರೆ ಒಲೆ ಬೋರಲು ಹಾಕುವ ಕೆಲಸ ಇದ್ದರೆ ಕೆಳಗೆ ಕೌದಿ ಹಾಸಿ. ಆ ಗಾಜಿಗೆ ನಡುವೆ ಶಕ್ತಿ, ಅಂಚಿನಲ್ಲಿ ಇಲ್ಲ. ಅಂಚಿಗೆ ಪೆಟ್ಟು ಬಿದ್ದರೆ ಆಮೇಲೆ ಯಾವತ್ತೋ ಬಿಸಿಗೆ ಪುಡಿಪುಡಿ ಆಗಬಹುದು. ಈ ಕಾಕಾ ಗಾಜಿನ ಒಲೆ ಮುಟ್ಟುವುದೇ ಇಲ್ಲ.

ಅಂಗಡಿಗೆ ಹೋಗುವವರು ಗಾಡಿ ದೂರ ನಿಲ್ಲಿಸಿ ನಡೆದುಕೊಂಡು ಹೋಗಿ, ಸಂಜೆ ಹೊತ್ತು ಗಣಪತಿ ಗಲ್ಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಎಳೆದಿರುತ್ತಾರೆ. ಫೋನ್ ಪೇಮೆಂಟ್ ನಡೆಯುತ್ತದೆ, ಬಿಲ್ಲು ಕೇಳಿದರೆ ಮಾತ್ರ ಬರೆದು ಕೊಡುತ್ತಾರೆ. ಹಳೇ ಬರ್ನರ್ ಜಿಡ್ಡು ತೊಳೆದೇ ಒಯ್ಯಿರಿ, ಎಣ್ಣೆ ಮೆತ್ತಿದ್ದನ್ನು ಗಾಜಿನ ಮೇಲೆ ಇಟ್ಟರೆ ಮೊದಲು ಗಾಜು ಒರೆಸಿ ಕೊಡ್ರಿ ಅನ್ನುತ್ತಾರೆ. ನನ್ನ ಮುಂದಿದ್ದವರ ಕೈಯಲ್ಲಿ ಒರೆಸಿಸಿಯೇ ಬಿಟ್ಟರು.